ಹರಳು, ಹಂಡೆ ಮತ್ತ ಭಾಲ್ಕಿ ಬೀಗತಿ

ಹಾಲು ಉಕ್ಕಿದ್ರ ಒಲಿಯಾಗಿನ ಕಟ್ಟಿಗಿ ಹಿಂದಕ್ಕ ಎಳೀಬಹುದು. ಹೊಟ್ಟಿಕಿಚ್ಚು ಉಕ್ಕಿದ್ರ ಏನ್ ಎಳೀತೀರಿ? ನಮ್ಮ ಬೀದರ ಮನ್ಯಾಗ ಅದು ಆಗಾಗ ಉಕ್ಕತದ. ಉಕ್ಕಿದಾಗೆಲ್ಲಾ ಮಂದಿ ನಗ್ತಾರ, ನಾ ಒರಸ್ಕೋತ ಕೂಡ್ತೇನಿ.

ಮೊದಲ ನಮ್ಮ ಮಂದಿ ಯಾರ್ಯಾರು ಅಂತ ಹೇಳಿಬಿಡ್ತೇನಿ. ಮಗ, ಸೊಸಿ, ಮಮ್ಮಗಳು, ನಾನು, ಎಲ್ಲಾರೂ ಒಂದ ಮನ್ಯಾಗ ಇರ್ತೇವಿ. ಸೊಸಿ ತವರು ಭಾಲ್ಕಿ. ಅಲ್ಲಿ ಆಕಿ ಅವ್ವ, ಅಂದ್ರ ನನ್ನ ಬೀಗತಿ ಇರ್ತಾಳ. ಮಮ್ಮಗಳು ನನಗ ಆಯಿ ಅಂತಾಳ, ಆಕಿಗೆ ಅಮ್ಮ ಅಂತಾಳ. ಕೂಸು ಒಂದು, ಮುದುಕ್ಯಾರು ಇಬ್ಬರು. ಹಿಂಗಿದ್ದ ಮ್ಯಾಲ ಜಗ್ಗಾಟ ಬಿಟ್ಟಿದ್ದಲ್ಲ.

ಮಮ್ಮಗಳು ಇಲ್ಲೇ ಬೀದರದ ಒಂದು ಕಾಲೇಜಿನ್ಯಾಗ ಪಿಎಚ್‌ಡಿ ಮಾಡ್ತಾಳ. ಎದರ ಮ್ಯಾಲ ಅಂದ್ರ ಹರಳಿನ ಮ್ಯಾಲ. ಉಂಗುರದಾಗ ಇಡೋ ಹರಳಲ್ಲ, ಪದರು ಪದರು ಇರೋ ಲೋಹದ ಹರಳು. ಅದರ ಪದರಿನ ನಡುವ ಚೂರ ತಾಮ್ರ ಸೇರಿಸಿ, ನಾವು ನೀವು ಎಂದೂ ಕಂಡಿರಲಾರದಷ್ಟು ಥಂಡಿ ಮಾಡಿದ್ರ, ಕರೆಂಟು ಎಲ್ಲೂ ತಡೀಲಾರ್ದ, ಚೂರೂ ಬಿಸಿ ಆಗಲಾರ್ದ ಹರೀತದಂತ. ಅದಕ್ಕ ಸೂಪರ್‌ಕಂಡಕ್ಟಿವಿಟಿ ಅಂತಾರಂತ. ಹರಳು ಬೀದರದಾಗ ಬೆಳಸ್ತಾಳ. ಥಂಡಿ ಮಾಡಿ ನೋಡೋ ಮಷೀನು ಹೈದರಾಬಾದಿನ್ಯಾಗ ಅದ, ಅಲ್ಲಿಗೆ ಒಯ್ತಾಳ. ಒಯ್ದದ್ದೂ ಆತು, ಸಪ್ಪ ಮೋರಿ ಮಾಡ್ಕೊಂಡು ತಿರುಗಿ ತಂದದ್ದೂ ಆತು.

ಒಮ್ಮಿ ಬೀಗತಿಯೂ ನಾನೂ ಎದುರಾಬದುರಾ ಚಾ ಕುಡೀತಿದ್ದಾಗ ಮಮ್ಮಗಳು ಬಂದು ಒಂದು ಮಾತು ಆಡಿಬಿಟ್ಟಳು.

"ನನ್ನ ಹರಳು ಗೆದ್ದ ದಿನ ಮೊದಲ ಫೋನು ನಿಮ್ಮಿಬ್ಬರಾಗ ಒಬ್ಬರಿಗೆ. ಅವ್ವ ಅಪ್ಪಗೂ ಆಮ್ಯಾಲೇ."

"ಯಾರಿಗೆ?" ಅಂದೆ ನಾ.

"ಯಾರಿಗೆ?" ಅಂದಳು ಬೀಗತಿ.

"ಅದು ಆವತ್ತ ಗೊತ್ತಾಗ್ತದ," ಅಂತ ನಕ್ಕೋತ ಹೋದಳು. ನಾವಿಬ್ಬರೂ ನಗಲಿಲ್ಲ. ಅಲ್ಲಿಂದ ಸುರು ಆತು ನೋಡ್ರಿ.

ಭಟ್ಟಿ ಮುಂದಿನ ಬಾಣಂತನ

ನಮ್ಮ ಕಡಿ ಎಳ್ಳಮಾಸಿ ಅಂದ್ರ ಮನಿಗೆ ಕೀಲಿ ಹಾಕಿ ಹೊಲಕ್ಕ ಹೋಗೋ ಹಬ್ಬ. ಜನವಾಡದಾಗ ನಮ್ಮದೊಂದು ತುಂಡು ಹೊಲ ಅದ. ಸಜ್ಜಿ ರೊಟ್ಟಿ, ಕಾಳು ಪಲ್ಯ ಎಲ್ಲಾ ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗಿ, ಎಲ್ಲಾ ಕಟ್ಕೊಂಡು ಹೋಗಿ ಜ್ವಾಳದ ನಡುವ ಕೂತು ಉಣ್ಣಬೇಕು. ಹುಟ್ಟಿದಾಗಿಂದ ಮಮ್ಮಗಳು ಒಂದು ಎಳ್ಳಮಾಸಿ ತಪ್ಪಿಸಿದಾಕಿ ಅಲ್ಲ. ಆ ವರ್ಷ ಬರಂಗಿಲ್ಲ ಅಂದಳು.

"ಯಾಕ?"

"ಹರಳು ಬೆಳಸೋ ಭಟ್ಟಿ ನಡದದ ಆಯಿ. ಬಿಟ್ಟು ಬರಲಿಕ್ಕಿ ಆಗಂಗಿಲ್ಲ."

ನನ್ನ ಭಜ್ಜಿಗಿಂತ ರುಚಿಯಾದದ್ದು ಯಾವ ಭಟ್ಟಿ ಮ್ಯಾಲ ಕೂತದ ನೋಡೇ ಬಿಡೋಣ ಅಂತ ಡಬ್ಬಿ ಹಿಡ್ಕೊಂಡು ಕಾಲೇಜಿಗೆ ಹೋದೆ. ನೋಡಿದ್ರ ಒಳಗ ಒಂದು ಗಾಜಿನ ಕೊಳವಿ, ಎರಡೂ ಬಾಯಿ ಮುಚ್ಚಿದ್ದು. ಒಂದು ಕಡಿ ಬಿಸಿ ಹೆಚ್ಚು, ಇನ್ನೊಂದು ಕಡಿ ಕಮ್ಮಿ. ಬಿಸಿ ಕಡಿಯ ಪುಡಿ ಆವಿಯಾಗಿ ಹೋಗಿ ಬಿಸಿ ಕಮ್ಮಿ ಇದ್ದ ಕಡಿ ಹರಳಾಗಿ ಕೂಡ್ತದಂತ.

"ಎಷ್ಟೊತ್ತು?" ಅಂದೆ.

"ವಾರಗಟ್ಟಲೆ ಆಯಿ. ನಡುವ ಬಿಸಿ ಏರುಪೇರಾದ್ರ ಹರಳು ಕೆಡ್ತದ."

"ವಾರಗಟ್ಟಲೆ ಅಡಗಿ ಮಾಡಿದ್ರ ನನ್ನ ಅತ್ತಿ ನನಗ ತವರಿಗೆ ಕಳಿಸ್ತಿದ್ದಳು."

ಆಕಿ ಕಣ್ಣು ಕೊಳವಿ ಮ್ಯಾಲೇ ಇತ್ತು. ಭಟ್ಟಿ ಮ್ಯಾಗಿನ ಅಂಕಿ ನೋಡೋದು, ಪಕ್ಕಕ್ಕ ಕೈ ಹಿಡಿದು ಬಿಸಿ ನೋಡೋದು, ಮತ್ತ ಅಂಕಿ ನೋಡೋದು. ನನಗ ಜ್ವರ ಬಂದಾಗ ಹಣಿ ಹಿಂಗ ಮುಟ್ಟಿ ನೋಡಿದ್ದಿಲ್ಲ. ಒಂದು ಕೊಳವಿ ಮ್ಯಾಲ ಹೊಟ್ಟಿಕಿಚ್ಚು ಪಟ್ಟ ಮುದುಕಿ ಬೀದರ ಜಿಲ್ಲಾದಾಗ ನಾ ಒಬ್ಬಾಕಿನ ಇರಬೇಕು.

ಕಡೀಕ ಒಂದು ದಿನ ಕೊಳವಿ ಒಡದು ಹರಳು ಮನಿಗೆ ತಂದಳು. ಕಾಗಿಬಂಗಾರದ ಚೂರಿನಂಗ, ಉಗುರಿಗಿಂತ ಸಣ್ಣವು, ಮಿಣಮಿಣ ಅಂತಿದ್ದವು.

"ನೋಡ ಆಯಿ, ಎಷ್ಟ ಚಂದ ಬಂದಾವ!"

ನಾ ಬಗ್ಗಿ ನೋಡಿದೆ. "ಯವ್ವಾ, ಇಂಥಾವು ಜನವಾಡದ ಹೊಲದಾಗ ಬೇಕಾದಷ್ಟು ಬಿದ್ದಾವ. ಎಳ್ಳಮಾಸಿಗೆ ಬಂದಿದ್ರ ಉಡಿ ತುಂಬ ಆರಿಸ್ಕೊಂಡು ಬರಬಹುದಿತ್ತು."

ನನಗ ಹಿಟ್ಟು, ಆಕಿಗೆ ರೇಷ್ಮಿ

ಸಿಟ್ಟಿಳಿದ ಮ್ಯಾಲ ಒಂದು ದಿನ ನಾನೇ ಕೇಳಿದೆ, ಅದರಾಗ ಏನದ ಹೇಳು ಅಂತ. ನಾ ಚಪಾತಿ ಲಟ್ಟಸ್ತಿದ್ದೆ. ಆಕಿ ನನ್ನ ಮುಂದ ಕೂತಳು.

"ಆಯಿ, ನೀ ಪದರಿನ ಚಪಾತಿ ಮಾಡ್ತಿಯಲ್ಲ, ನನ್ನ ಹರಳೂ ಹಂಗ. ಪದರಿನ ಮ್ಯಾಲ ಪದರು. ನಡುವ ನೀ ಎಣ್ಣಿ ಸವರ್ತಿ, ನಾ ತಾಮ್ರ ಸೇರಸ್ತೇನಿ."

"ತಾಮ್ರ ಯಾಕ ಬೇಕು?"

"ಹರಳಿನ ಒಳಗ ಎಲೆಕ್ಟ್ರಾನು ಅಂತ ಭಾಳ ಸಣ್ಣವು ಓಡಾಡ್ತಿರ್ತಾವ. ಥಂಡಿ ಹೆಚ್ಚಾದಂಗ ಅವು ದಾಸೋಹದ ಪಂಕ್ತಿಯಂಗ ಸಾಲು ಹಿಡಿದು ಕೂತುಬಿಡ್ತಾವ. ಇಲ್ಲಿ ದಟ್ಟ, ಅಲ್ಲಿ ತೆಳ್ಳಗ, ಮತ್ತ ದಟ್ಟ, ಮತ್ತ ತೆಳ್ಳಗ, ನೀರಿನ ಅಲಿ ಇದ್ದಂಗ. ಅದಕ್ಕ ಚಾರ್ಜ್ ಡೆನ್ಸಿಟಿ ವೇವ್ ಅಂತಾರ. ಅವು ಕೂತ್ರ ಕರೆಂಟು ಒಯ್ಯೋರು ಯಾರು? ನಾ ತಾಮ್ರ ಹಾಕಿದ್ರ ಪಂಕ್ತಿ ಕೆಡ್ತದ, ಎಲ್ಲಾ ಎದ್ದು ನಿಲ್ತಾವ. ಇನ್ನೂ ಥಂಡಿ ಮಾಡಿದ್ರ ಜೋಡಿ ಜೋಡಿ ಆಗಿ, ಯಾರಿಗೂ ಡಿಕ್ಕಿ ಹೊಡೀಲಾರ್ದ ನಡೀತಾವ."

"ಪಂಕ್ತಿ ಇದ್ದಾಗ ಜೋಡಿ ಆಗಂಗಿಲ್ಲೇನು?"

"ಒಂದಕ್ಕೊಂದು ಆಗಿಬರಂಗಿಲ್ಲ ಆಯಿ. ಇರೋವು ಅವ ಎಲೆಕ್ಟ್ರಾನು. ಪಂಕ್ತಿಗೂ ಅವ ಬೇಕು, ಜೋಡಿಗೂ ಅವ ಬೇಕು. ಒಂದು ಏರಿದ್ರ ಇನ್ನೊಂದು ಇಳೀತದ."

ನನಗ ಫಟ್ಟನ ತಿಳೀತು. ಇರೋದು ಒಂದ ಕೂಸು. ಬೀದರಕ್ಕೂ ಅದ ಬೇಕು, ಭಾಲ್ಕಿಗೂ ಅದ ಬೇಕು. ಇದು ತಿಳ್ಕೊಳ್ಳಾಕ ಸಾಲಿ ಯಾಕ?

"ತಿಳೀತು ಯವ್ವಾ, ಭಾಳ ಚಲೋ ತಿಳೀತು," ಅಂದೆ.

ಆಕಿ ಹೌಸಿಲೆ ನನ್ನ ಗಲ್ಲ ಹಿಂಡಿ, "ಆಯಿ, ನಿನ್ನಂಗ ಯಾರಿಗೂ ತಿಳಿದಿಲ್ಲ," ಅಂದಳು. ಆ ಮಾತು ಉಡ್ಯಾಗ ಕಟ್ಕೊಂಡು ಭಾಳ ದಿನ ಓಣಿ ತುಂಬ ತಿರುಗಿದೆ.

ಆಮ್ಯಾಲ ಭಾಲ್ಕ್ಯಾಗ ಒಂದು ಲಗ್ನ. ಹೆಣ್ಣುಮಕ್ಕಳ ನಡುವ ಬೀಗತಿ ಕೂತು ಹೇಳ್ಲಾಕತ್ತಿದ್ದಳು: "ನಮ್ಮ ಮಮ್ಮಗಳ ಹರಳು ಅಂದ್ರ ರೇಷ್ಮಿ ಸೀರಿ ನಿರಗಿ ಇದ್ದಂಗ ನೋಡ್ರಿ. ನಿರಗಿ ನಡುವ ಜರಿ ಎಳಿ ಸೇರಿಸಿದಂಗ ತಾಮ್ರ ಸೇರಸ್ತಾಳ. ನನಗ ಹೇಳಿದ ಕೂಡ್ಲೆ ತಿಳೀತು. 'ಅಮ್ಮ, ನಿನ್ನಂಗ ಯಾರಿಗೂ ತಿಳಿದಿಲ್ಲ' ಅಂದಾಳ!"

ನನ್ನ ಬಾಯಾಗಿನ ಬುಂದಿ ಅಲ್ಲೇ ನಿಂತಿತು. ಮನಿಗೆ ಬಂದಾಕಿನ ಮಮ್ಮಗಳ ಮುಂದ ನಿಂತು, ಭಾಲ್ಕಿಗೂ ಅದ ಮಾತು ಅಂದಿಯಂತಲ್ಲ ಅಂತ ಕೇಳಿದೆ.

"ಆಯಿ, ವಿಷಯ ಒಂದ. ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಬೇಕಾಗ್ತದ," ಅಂದಳು.

"ಅದು ಖರೆ ಯವ್ವಾ. ಆದ್ರ ಹೇಳೋವಾಗ ನನ್ನ ಪಾಲಿಗೆ ಹಿಟ್ಟು, ಆಕಿ ಪಾಲಿಗೆ ರೇಷ್ಮಿ ಯಾಕ?"

ಹಂಡೆ ಬಂತು

ತಾಮ್ರ ಬೇಕು ಅನ್ನೋ ಮಾತು ಭಾಲ್ಕಿಗೆ ಮುಟ್ಟಿತಲ್ಲ, ಅದು ಸುಮ್ಮನ ಕೂಡಲಿಲ್ಲ. ಒಂದು ಮುಂಜಾನಿ ನಮ್ಮ ಬಾಗಿಲ ಮುಂದ ಆಟೋ ನಿಂತಿತು. ಮೊದಲ ಇಳಿದದ್ದು ಬೀಗತಿ ಅಲ್ಲ, ತಾಮ್ರದ ಹಂಡೆ. ಬಚ್ಚಲದಾಗ ನೀರು ಕಾಸೋ ಹಂಡೆ, ಆಕಿ ಲಗ್ನದಾಗ ತವರಿನವರು ಕೊಟ್ಟದ್ದು. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕಣ್ಣಿಗೆ ಹೊಡಿಯಂಗ ಹೊಳಿಸಿ ತಂದಿದ್ದಳು. ಭಾಲ್ಕಿ ಬಸ್ಸಿನ್ಯಾಗ ಅದನ್ನ ತೊಡಿ ಮ್ಯಾಲ ಇಟ್ಕೊಂಡು ಬಂದಾಳಂತ.

ಬಾಜೂ ಮನಿ ಖಾಲಾ ಹೊರಗ ಬಂದು, "ಕ್ಯಾ ಅಮ್ಮಾ, ಘರ್ ಮೆ ಶಾದಿ ಹೈ ಕ್ಯಾ? ಹಮ್‌ಕು ಬೋಲೆಚ್ ನೈ!" ಅಂದಳು. ಮನ್ಯಾಗ ಲಗ್ನ ಇದ್ದೂ ತನಗ ಹೇಳಿಲ್ಲ ಅಂತ ಆಕಿ ತಕರಾರು.

"ಶಾದಿ ಇಲ್ಲ ಖಾಲಾ, ನನಗೂ ಗೊತ್ತಿಲ್ಲ," ಅಂದು ಬೀಗತಿ ಕಡಿ ತಿರುಗಿದೆ. "ಎದಕ್ರಿ ಬೀಗರ ಇದು?"

"ಮಮ್ಮಗಳ ಹರಳಿಗ್ರಿ. ಹಾಕೋದು ಹಾಕ್ತಾಳ, ಮನಿ ತಾಮ್ರನ ಹಾಕಲಿ. ನಾಳಿ ಹರಳು ಗೆದ್ದ ಮ್ಯಾಲ ತಾಮ್ರ ಯಾರದು ಅಂತ ಮಂದಿ ಕೇಳಂಗಿಲ್ಲೇನ್ರಿ?"

ನೋಡ್ರಿ ಆಕಿ ಅಕಲು! ಆಕಿ ತಾಮ್ರ ಪದರಿನ ನಡುವ ಹೋಗಿ ಕೂತುಬಿಟ್ರ ಮೊದಲ ಫೋನು ಎಲ್ಲಿಗೆ ಹೋಗ್ತದ, ಕುರುಡರಿಗೂ ತಿಳೀತದ. ನಾ ಒಳಗ ಓಡಿ ನನ್ನ ತವರಿನ ತಾಮ್ರದ ತಂಬಿಗಿ ತಂದು ಹಂಡೆ ಬಾಜೂಕ ಇಟ್ಟೆ. ಆನಿ ಬಾಜೂಕ ಇಲಿ ಇಟ್ಟಂಗ ಕಾಣ್ತು. ಮತ್ತ ಹೋಗಿ ಕೊಡ ತಂದೆ. ಸಾಲದಂತ ಅಟ್ಟದ ಮ್ಯಾಗಿನ ಪರಾತನೂ ಇಳಿಸಿದೆ. ಸಂಜಿಗೆ ಮಮ್ಮಗಳು ಬಂದಾಗ ನಮ್ಮ ಅಂಗಳ ಭಾಂಡಿ ಅಂಗಡಿ ಆಗಿತ್ತು.

ಆಕಿ ಚೀಲದಾಗಿಂದ ಒಂದು ಸಣ್ಣ ಬಾಟ್ಲಿ ತಗದು ತೋರಿಸಿದಳು. ತಳದಾಗ ಚೂರು ಕೆಂಪು ಪುಡಿ.

"ನನಗ ಬೇಕಾದದ್ದು ಸಾಸಿವಿ ಕಾಳಿಗಿಂತ ಕಮ್ಮಿ. ಹೆಚ್ಚು ಹಾಕಿದ್ರೂ ಕೆಡ್ತದ. ಅದೂ ಅಪ್ಪಟ ಇರಬೇಕು. ಅಮ್ಮ, ಹಂಡೆ ತಾಮ್ರದಾಗ ಬ್ಯಾರೆ ಲೋಹ ಬೆರಕಿ ಇರ್ತದ, ನಡೆಯಂಗಿಲ್ಲ."

"ಬೆರಕಿ? ನನ್ನ ತವರಿನ ತಾಮ್ರಕ್ಕ ಬೆರಕಿ ಅಂತಿ?" ಬೀಗತಿ ಮೋರಿ ಸಣ್ಣಗಾತು. ನನಗ ಒಳಗೊಳಗ ಹೋಳಿಗಿ ತಿಂದಂಗ ಆತು.

"ಆಯಿ, ನಿನ್ನ ತಂಬಿಗ್ಯಾಗೂ ಅಷ್ಟ," ಅಂದಳು. ಹೋಳಿಗಿ ಅಲ್ಲೇ ಗಂಟಲಾಗ ನಿಂತಿತು.

ಹಂಡೆ ತಿರುಗಿ ಭಾಲ್ಕಿಗೆ ಹೋಗಲಿಲ್ಲ. ನಮ್ಮ ಬಚ್ಚಲದಾಗ ಕೂತದ. ನೀರು ಲಗೂ ಕಾಯ್ತದ, ಭಾಳ ಹೊತ್ತು ಬಿಸಿ ಇರ್ತದ, ಮೊಣಕಾಲಿಗೆ ಭಾಳ ಸುಖ ಅನಸ್ತದ. ಬೀಗತಿ ಫೋನಿನ್ಯಾಗ "ಹಂಡೆ ಹ್ಯಾಂಗದರಿ?" ಅಂತ ಕೇಳಿದ್ರ, "ಏನೋ ಅದ ನೋಡ್ರಿ, ಮೂಲ್ಯಾಗ ಬಿದ್ದದ," ಅಂತೇನಿ.

ಮುಂಗಡ ಚಪ್ಪಾಳಿ

ಕಾಲೇಜಿನ್ಯಾಗ ಮಮ್ಮಗಳ ಭಾಷಣ ಇತ್ತು. ಇಬ್ಬರಿಗೂ ಕರದಳು. ನಾ ಬೀದರದಾಗ ಇದ್ದಾಕಿ, ನಡಕೊಂಡು ಹೋಗೋದ್ರಾಗ ತಡ ಆತು. ಬೀಗತಿ ಭಾಲ್ಕಿಯಿಂದ ಬಂದು ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ ಹಿಡಿದು ಕೂತಿದ್ದಳು. ನನಗ ಕಂಬದ ಬಾಜೂಕ ಸಿಕ್ಕಿತು.

ಪಡದಿ ಮ್ಯಾಲ ಗೆರಿ ಮೂಡಿದವು. ಮಮ್ಮಗಳು ಇಂಗ್ಲಿಷಿನ್ಯಾಗ ಹೇಳಿ, ನಮ್ಮ ಸಲುವಾಗಿ ನಡುನಡುವ ಕನ್ನಡದಾಗೂ ಹೇಳ್ತಿದ್ದಳು. "ತಾಮ್ರ ಇಲ್ಲದ ಹರಳು ಥಂಡಿ ಮಾಡಿದ್ರ ಗೆರಿ ನಡುವ ಗೂನು ಬರ್ತದ. ಪಂಕ್ತಿ ಕೂತದ್ದರ ಗುರುತು ಅದು. ತಾಮ್ರ ಹಾಕಿದಂಗ ಗೂನು ಇಳೀತದ. ಈಗ ಬ್ಯಾರೆ ದೇಶದವರ ಹರಳು ನೋಡ್ರಿ."

ಗೆರಿ ನೆಟ್ಟಗ ಹೊಂಟಿತ್ತು. ಒಮ್ಮಿಗೇ ಬಾವ್ಯಾಗ ಬಿದ್ದಂಗ ತಳಕ್ಕ ಬಿತ್ತು.

"ಅಯ್ಯ ಶಿವನೇ, ಬಿತ್ತು!" ಅಂತ ಒದರಿಬಿಟ್ಟೆ. ಎಲ್ಲಾರೂ ತಿರುಗಿ ನೋಡಿದರು.

ಬೀಗತಿ ಅರಸನ ಹೆಂಡ್ತಿಯಂಗ ಕುತ್ತಿಗಿ ತಿರುಗಿಸಿ, "ಬೀಳಬೇಕ್ರಿ ಬೀಗರ. ಅದು ಕರೆಂಟಿಗೆ ಎಷ್ಟ ತಡಿ ಅನ್ನೋ ಗೆರಿ. ತಳಕ್ಕ ಬಿದ್ರ ಗೆದ್ದಂಗ. ನಾ ಮುಂಜಾನಿನ ಕೇಳಿ ತಿಳ್ಕೊಂಡೇನಿ," ಅಂದಳು.

ಕೇಳಿ ತಿಳ್ಕೊಂಡಾಳಂತ! ಇರ್ಲಿ, ನೋಡ್ಕೋತೇನಿ ಅಂದ್ಕೊಂಡೆ. ಮುಂದಿನ ಗೆರಿ ಬಂತು. ಅದು ಇಳೀಲಾಕತ್ತು, ಇನ್ನೂ ಇಳೀತು. ಈ ಸಲ ಬೀಗತಿಗಿಂತ ಮೊದಲ ನಾ ಅಂತ ಎದ್ದು ನಿಂತು ಕೈ ಕೆಂಪಾಗೋಹಂಗ ಚಪ್ಪಾಳಿ ಹೊಡದೆ. ನನ್ನ ಜೋಡಿ ಯಾರೂ ಹೊಡೀಲಿಲ್ಲ. ಗೆರಿ ಅರ್ಧಕ್ಕ ನಿಂತುಬಿಟ್ಟಿತ್ತು.

"ಇದು ನನ್ನ ಹರಳು," ಅಂದಳು ಮಮ್ಮಗಳು, ಸಣ್ಣ ದನಿಲೆ. "ಇನ್ನೂ ತಳಕ್ಕ ಬಿದ್ದಿಲ್ಲ."

ಮನಿಗೆ ಹೋಗೋವಾಗ ದಾರ್ಯಾಗ ಮಮ್ಮಗಳು ನನ್ನ ಕೈ ಹಿಡಿದು, "ಆಯಿ, ನನ್ನ ಗೆರಿ ಬೀಳ್ತದೋ ಇಲ್ಲೋ?" ಅಂದಳು. ಆಕಿ ಕಣ್ಣಾಗ ನೀರಿತ್ತು. ವರ್ಷಗಟ್ಟಲೆ ಭಟ್ಟಿ ಕಾದ ಕೂಸು. ಸೆರಗಿಲೆ ಆಕಿ ಕಣ್ಣು ಒರಸಿದೆ.

"ಬೀಳ್ತದ ಬಿಡ ಯವ್ವಾ. ಬೀಳಲಾರ್ದ ಎಲ್ಲಿ ಹೋಗ್ತದ? ಬಿದ್ದಾಗ ಮೊದಲ ನನಗ ಹೇಳಿದ್ರ ಆತು. ಚಪ್ಪಾಳಿ ನಾ ಮುಂಗಡನ ಕೊಟ್ಟೇನಿ."

ಮೊದಲ ಫೋನು

ಬ್ಯಾಸಿಗಿ. ಬಿಸಲಿಗೆ ಬೀದರದ ಕೆಂಪು ಕಲ್ಲು ಹಂಚಿನಂಗ ಕಾದಿತ್ತು. ಮಮ್ಮಗಳು ಹೊಸ ಹರಳು ತಗೊಂಡು ಹೈದರಾಬಾದಿಗೆ ಹೋಗಿದ್ದಳು. "ಇವತ್ತ ಥಂಡಿ ಮಾಡ್ತೇವಿ, ಸಂಜಿ ಒಳಗ ಗೊತ್ತಾಗ್ತದ," ಅಂತ ಮುಂಜಾನಿ ಸೊಸಿಗೆ ಹೇಳಿದಳು. ಸೊಸಿ ನನಗ ಹೇಳಿದಳು. ತವರಿನ ಮ್ಯಾಲ ಮಾಯಾ ಇದ್ದಾಕಿ, ಭಾಲ್ಕಿಗೂ ಹೇಳಿದಳು. ಆಮ್ಯಾಲ ಮಗ ಸೊಸಿ ಇಬ್ಬರೂ ಕೆಲಸಕ್ಕ ಹೋದರು.

ನಾ ಫೋನು ತೊಡಿ ಮ್ಯಾಲ ಇಟ್ಕೊಂಡು ಕೂತೆ. ಕೂತಂಗ ಕೂತಂಗ ತಲಿ ಓಡಿತು. ಎರಡೂ ಫೋನು ಖಾಲಿ ಇದ್ರ ತಾನ ಆಕಿ ಯಾರಿಗೆ ಅಂತ ವಿಚಾರ ಮಾಡೋದು? ಭಾಲ್ಕಿ ಫೋನು ಬಿಜಿ ಇದ್ರ ಮೊದಲ ಫೋನು ಬೀದರಕ್ಕ ಬರಲಾರ್ದ ಎಲ್ಲಿ ಹೋಗ್ತದ? ನಾನೇ ಭಾಲ್ಕಿಗೆ ಫೋನು ಹಚ್ಚಿದೆ. ಬೀಗತಿನ್ನ ಮಾತಿಗೆ ಹಿಡಿದು ಬಿಡಬಾರದು, ಅಷ್ಟ.

ಒಂದ ರಿಂಗಿಗೆ ಎತ್ತಿದಳು.

"ಆರಾಮ ಇದ್ದೀರೇನ್ರಿ ಬೀಗರ?"

"ಆರಾಮ ನೋಡ್ರಿ! ಈಗ ನಿಮಗ ಮಾಡ್ಬೇಕಂತ ಕೈಯಾಗ ಹಿಡದಿದ್ದೆ, ನಿಮ್ದ ಬಂತು. ಇಡಬ್ಯಾಡ್ರಿ, ಮಾತಾಡ್ರಿ, ಮಾತಾಡ್ರಿ."

ಇಷ್ಟು ವರ್ಷದಾಗ ಆಕಿ ನನಗ ಮಾತಾಡ್ರಿ ಅಂದದ್ದು ಅದ ಮೊದಲು. ಸಂಶೆ ಬರಬೇಕಾಗಿತ್ತು. ಬರಲಿಲ್ಲ.

ಮಾವಿನ ಉಪ್ಪಿನಕಾಯಿ ಹಿಡದ್ವಿ. ಅದು ಮುಗೀತು, ಹಪ್ಪಳ ಹಿಡದ್ವಿ. ಹಪ್ಪಳ ಒಣಗಿದವು, ಮೊಣಕಾಲು ಹಿಡದ್ವಿ. ಇಡ್ತಾಳೇನೋ ಅಂತ ನಾ ಹೊಸ ಮಾತು ತಗದ್ರ, ಇಡ್ತೇನೇನೋ ಅಂತ ಆಕಿ ಇನ್ನೊಂದು ತಗೀತಿದ್ದಳು. ಸೊಸಿ ಸಣ್ಣಾಕಿದ್ದಾಗ ಹಿಟ್ಟಿನ ಡಬ್ಬ್ಯಾಗ ಅಡಗಿ ಕೂತ ಕಥಿ ಹೇಳಿದಳು, ನಾ ಕಣ್ಣಾಗ ನೀರು ಬರೋಹಂಗ ನಕ್ಕೆ. ನಾ ನನ್ನ ಅತ್ತಿ ಸಾರಿನ್ಯಾಗ ಸಕ್ಕರಿ ಹಾಕಿದ ಕಥಿ ಹೇಳಿದೆ, ಆಕಿ ಕೆಮ್ಮು ಬರೋಹಂಗ ನಕ್ಕಳು. ಖರೆ ಹೇಳ್ಬೇಕಂದ್ರ ಮುದುಕಿ ಭಾಳ ಚಲೋ ಮಾತಾಡ್ತಾಳ. ಇಷ್ಟು ದಿನ ನಾ ಕೇಳಿದ್ದಿಲ್ಲ, ಅಷ್ಟ.

ನಡುನಡುವ ಕಿವ್ಯಾಗ ಟೂಂ ಟೂಂ ಅಂತಿತ್ತು.

"ಬೀಗರ, ನಿಮ್ಮ ಫೋನಿನ್ಯಾಗೂ ಟೂಂ ಅಂತದೇನ್ರಿ?"

"ಹೌದ್ರಿ, ಚಾರ್ಜು ಇಳೀಲಾಕತ್ತದ ಕಾಣ್ತದ."

"ನಂದೂ ಹಂಗ ಕಾಣ್ತದ. ತಡೀರಿ, ವಾಯರ್ ಚುಚ್ಚತೇನಿ. ಇಡಬ್ಯಾಡ್ರಿ."

"ನಾನೂ ಚುಚ್ಚತೇನಿ. ನೀವೂ ಇಡಬ್ಯಾಡ್ರಿ."

ವಾಯರ್ ಚುಚ್ಚಿದ ಮ್ಯಾಲೂ ಟೂಂ ಟೂಂ ನಿಲ್ಲಲಿಲ್ಲ. ಲೈಟೇ ಕಮ್ಮಿ ಬರ್ಲಾಕತ್ತದ ಅಂತ ಇಬ್ಬರೂ ಕೂಡಿ ಕರೆಂಟಿನವರಿಗೆ ಬೈದ್ವಿ.

ಬಿಸಲು ಇಳಿಯೋ ಹೊತ್ತಿಗೆ ಬಾಗಿಲು ಧಡಾರ್ ಅಂತು. ನೋಡಿದ್ರ ನನ್ನ ಮಗಳು. ಆಕಿನ್ನ ಔರಾದಕ್ಕ ಕೊಟ್ಟೇವಿ. ಹರಳಿನ ಸುದ್ದಿ ತಗದಾಗೆಲ್ಲಾ "ಅದರ ಮ್ಯಾಲ ರೊಟ್ಟಿ ಬೇಯ್ತದೇನು?" ಅಂತ ಕೇಳೋ ಪೈಕಿ. ಬೆವರು ಸುರಿಸ್ಕೋತ ನಿಂತಿದ್ದಳು.

"ಫೋನು ಇಡ ಯವ್ವಾ! ಔರಾದದಾಗ ಬಸ್ಸು ಹತ್ತೋವಾಗ ಬಿಜಿ, ಇಳಿಯೋವಾಗ ಬಿಜಿ, ಈಗ ಕಣ್ಣಾರೆ ನೋಡ್ತೇನಿ, ಇನ್ನೂ ಬಿಜಿ!"

"ಏನಾತು?"

"ಹುಡುಗಿ ನಿನಗೂ ಭಾಲ್ಕಿಗೂ ಮಾಡಿ ಮಾಡಿ ಸಾಕಾಗಿ, ಮುದುಕ್ಯಾರಿಗೆ ಏನರ ಆಗ್ಯಾದಂತ ಅಂಜಿ ನನಗ ಮಾಡಿದಳು. ನಾ ಬಳಿ ತಗೊಳ್ಳಾಕ ಬೀದರಕ್ಕ ಬರೋಳಿದ್ದೆ. 'ಅತ್ತಿ, ಮೊದಲ ಮನಿಗೆ ಹೋಗಿ ನೋಡು' ಅಂದಳು. ಹರಳು ಏನಾತಲೇ ಅಂತ ಕೇಳಿದೆ. ತಡ್ಕೊಳ್ಳಾಕ ಆಗಲಿಲ್ಲ ಆಕಿಗೆ, ಹೇಳಿಬಿಟ್ಟಳು. ಗೆರಿ ತಳಕ್ಕ ಬಿದ್ದದಂತ!"

ನನಗ ಅಳೂನೂ ಬಂತು, ನಗೂನೂ ಬಂತು. ಕೂಸು ಗೆದ್ದಿತ್ತು. ಆದ್ರ ಫೋನು ಔರಾದಕ್ಕ ಹೋಗಿತ್ತು! ಫೋನು ಇನ್ನೂ ಕಿವ್ಯಾಗ ಇತ್ತು. ಎಲ್ಲಾ ಕೇಳಿಸಿತ್ತು ಬೀಗತಿಗೆ.

"ಬೀಗರ..." ಅಂತ ಭಾಲ್ಕಿಯಿಂದ ದನಿ ಬಂತು. "ಮೊದಲ ಫೋನು ಔರಾದಕ್ಕೇನ್ರಿ?"

"ಹೌದ್ರಿ."

"ರೊಟ್ಟಿ ಬೇಯ್ತದೇನು ಅಂದಾಕಿಗೆ?"

"ಹೌದ್ರಿ ಬೀಗರ, ಆಕಿಗೇ."

"ಅಂಥಾಕಿಗೆ ಹೆಂಗ ಹೇಳಿದಳ್ರಿ? ಚಪಾತಿ ಗೊತ್ತಿಲ್ಲ, ಸೀರಿ ಗೊತ್ತಿಲ್ಲ!"

"ಅದನ್ನ ನಾನೂ ಕೇಳ್ಲಾಕತ್ತೇನಿ!"

ಮುಂದ ನಾವಿಬ್ಬರೂ ಒಂದ ಬಾಯಿಲೆ ಔರಾದದ ಮ್ಯಾಲ ಹೊಟ್ಟಿಕಿಚ್ಚು ಪಟ್ವಿ. ಮಗಳು ಎದುರಿಗೇ ಕೂತು ನೀರು ಕುಡ್ಕೋತ, "ನಾ ಇಲ್ಲೇ ಇದ್ದೇನಿ," ಅಂತ ನೆನಪು ಮಾಡ್ತಿದ್ದಳು.

ಕಡೀಕ ಫೋನು ಇಟ್ಟೆ. ಇಟ್ಟ ಕೂಡ್ಲೆ ಮಮ್ಮಗಳದು ಬಂತು. ನಡದದ್ದೆಲ್ಲಾ ಹೇಳಿದೆ. ಆಕಿ ನಕ್ಕದ್ದು ನಕ್ಕದ್ದ.

"ಆಯಿ, ನನ್ನ ಹರಳಿನ್ಯಾಗ ಎಲೆಕ್ಟ್ರಾನು ಜೋಡಿ ಆಗಿ ತಡಿ ಇಲ್ಲದ ಹರೀಲಿ ಅಂತ ನಾ ಅಷ್ಟು ಥಂಡಿ ಮಾಡ್ಬೇಕಾತು. ನೀವಿಬ್ಬರು ಬೀದರ ಬಿಸಲಾಗ ಮಾಡಿ ತೋರಿಸಿದ್ರಿ!"

"ಅದು ಇರ್ಲಿ ಯವ್ವಾ. ಔರಾದ ಗಿವರಾದ ನನಗ ಗೊತ್ತಿಲ್ಲ. ಇವತ್ತಿನ ಮೊದಲ ಫೋನು ಯಾರದು? ನಂದು. ಗುಂಡಿ ಒತ್ತಿದಾಕಿ ನಾ. ಬೇಕಾದ್ರ ಭಾಲ್ಕಿಗೆ ಕೇಳು."

ಕೇಳಿದಳಂತ. ಭಾಲ್ಕಿ ಏನಂತು ಗೊತ್ತೇನ್ರಿ?

"ಗುಂಡಿ ಒತ್ತಿದಾಕಿ ಆಕಿ ಇರಬಹುದು ಯವ್ವಾ. ಆಕಿ ಫೋನು ಬಿಜಿ ಇಡಬೇಕು ಅನ್ನೋ ವಿಚಾರ ಮೊದಲ ನಂದು."